ಹಳೇ ಪುಟ, ಹಳೇ ನೀರು

ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಂಪ್ಯೂಟರ್ ಮುಂದೆ ಮಾತ್ರ ನಾನು ಹುಲಿ. ಮಡಕಶಿರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು ಬೇರೆ. ಆ ಜಂಬಕ್ಕೇ ನಮ್ಮ ಬೀದಿಗೆ ನಲ್ಲಿ ನೀರು ಯಾವಾಗ ಬರುತ್ತದೆಂದು ತಿಳಿಸುವ ವೆಬ್ ಪುಟವೊಂದನ್ನು ಮಾಡಿದೆ. ನೀರು ಬಿಡುವ ತಿಪ್ಪೇಸ್ವಾಮಿಯನ್ನು ಕೇಳಿ ನಾನೇ ಅದನ್ನು ಬದಲಿಸುತ್ತಿದ್ದೆ. ಒಂದು ದಿನ ಬೆಳಗ್ಗೆ 'ಸಂಜೆ ನೀರು' ಎಂದು ಹಾಕಿದೆ. ಮಧ್ಯಾಹ್ನ ಮೋಟರ್ ಸುಟ್ಟುಹೋಯಿತು, 'ಇವತ್ತು ನೀರಿಲ್ಲ' ಎಂದು ತಿದ್ದಿದೆ. ಆದರೆ ಫೋನುಗಳಲ್ಲಿನ ಬ್ರೌಸರ್‌ಗಳು ಬೆಳಗಿನ ಪುಟವನ್ನೇ ಬಚ್ಚಿಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ತೋರಿಸುತ್ತಿದ್ದವು.

ಹೊಸ ನೀರು ಬರುವ ದಿನ ಹಳೇ ನೀರು ಚೆಲ್ಲಿ ಬಿಂದಿಗೆ ತಿಕ್ಕಿಡುವುದು ನಮ್ಮ ಬೀದಿಯ ಹೆಂಗಸರ ಪದ್ಧತಿ. ಎಲ್ಲರೂ ಚೆಲ್ಲಿದರು. ಸಂಜೆ ನನ್ನ ಹೆಂಡತಿ ರತ್ನಮ್ಮ ಹೊರಗಿಂದಲೇ ಕೂಗಿದಳು: "ರೀ, ಫೋನ್ನಾಗೆ ನೀರೈತೆ, ನಲ್ಲೀಲಿ ಬರೀ ಗಾಳಿ ಬತ್ತೈತೆ! ಇನ್ನೊಂದ್ ಸಲ ಹಿಂಗಾದ್ರೆ ಆ ಪುಟಾನೇ ಕಿತ್ತಾಕಿ!" ಅವಳ ಹಿಂದೆ ಇಡೀ ಬೀದಿ ಖಾಲಿ ಬಿಂದಿಗೆ ಹಿಡಿದು ನಿಂತಿತ್ತು. ನನ್ನ ಮಾನ ಅಲ್ಲೇ ಹರಾಜಾಯಿತು.

ಈಗ ಏನು ಮಾಡುವುದು? ಪುಟ ಇಟ್ಟುಕೊಳ್ಳಲೇಬೇಡ ಎಂದು ಬ್ರೌಸರ್‌ಗೆ ಹೇಳಬಹುದು. ಆದರೆ ಬೆಟ್ಟದ ಬುಡದ ನಮ್ಮ ಬೀದಿಯಲ್ಲಿ ಸಿಗ್ನಲ್ ಕುಂಟುತ್ತದೆ. ಪ್ರತಿ ಸಲ ಇಡೀ ಪುಟ ಹೊಸದಾಗಿ ಇಳಿದು ತೆರೆಯುವಷ್ಟರಲ್ಲಿ ನೀರು ಬಂದು ನಿಂತೂ ಹೋಗಿರುತ್ತದೆ. ಇಟ್ಟುಕೋ ಎಂದರೆ ಸುಳ್ಳು ಹೇಳುತ್ತದೆ. ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ರತ್ನಮ್ಮ ಕುಡಿಯುವ ನೀರಿನ ಗಡಿಗೆಯ ಮುಚ್ಚಳ ತೆಗೆದು, ನೀರು ಮೂಸಿ ನೋಡಿ, ಆಮೇಲೆ ಲೋಟಕ್ಕೆ ಬಗ್ಗಿಸಿದಳು. ಥಟ್ಟನೆ ಹೊಳೆಯಿತು. ಇಟ್ಟುಕೊಳ್ಳಲಿ, ಆದರೆ ತೋರಿಸುವ ಮುಂಚೆ ಪ್ರತಿ ಸಲವೂ 'ಬದಲಾಗಿದೆಯಾ?' ಎಂದು ನನ್ನ ಸೈಟನ್ನು ಕೇಳಲಿ! ಅಷ್ಟು ಸಣ್ಣ ಪ್ರಶ್ನೆಗೆ ಕುಂಟು ಸಿಗ್ನಲ್ಲೂ ಸಾಕು. ಹಾಗೇ ಆಜ್ಞೆ ಬರೆದೆ. ಉಪಾಯ ಎಲ್ಲಿಂದ ಬಂತೆಂದು ಮಾತ್ರ ಅವಳಿಗೆ ಹೇಳಲಿಲ್ಲ.

ಮುಂದಿನ ಸರದಿಯ ದಿನ 'ಸಂಜೆ ನೀರು' ಎಂದಿದ್ದದ್ದು 'ಮಧ್ಯಾಹ್ನವೇ ನೀರು' ಎಂದಾಯಿತು. ಎಲ್ಲರ ಫೋನಿನಲ್ಲೂ ತಕ್ಷಣ ಹೊಸ ಪುಟ! ಬೀದಿಯೆಲ್ಲ ನೀರು ಚೆಲ್ಲಿ ಬಿಂದಿಗೆ ತಿಕ್ಕಿ ಕಾದಿತು. ನಲ್ಲಿ ಬುಸ್ಸೆಂದಿತು, ಕೆಮ್ಮಿತು, ಆಮೇಲೆ ಧೋ ಎಂದು ಸುರಿಯಿತು. "ಮೇಷ್ಟ್ರೇ, ಪುಟ ಅಂದ್ರೆ ಇದು ಕಣ್ರೀ!" ಎಂದರು ಎದುರುಮನೆಯವರು. ಖುಷಿಯಲ್ಲಿ ನನಗೆ ನೆಲವೇ ಕಾಣಲಿಲ್ಲ. ಕೈಬೀಸುತ್ತಾ ಬೀದಿಯ ಆ ತುದಿವರೆಗೂ ಹೋಗಿ ಬಂದೆ.

ಮನೆಗೆ ಬಂದರೆ ರತ್ನಮ್ಮ ಮಂಚದ ಕೆಳಗಿಂದ ಒಂದು ಬಿಂದಿಗೆ ಎಳೆಯುತ್ತಿದ್ದಳು. ಬಾಯಿತನಕ ಹಳೇ ನೀರು. ಮೇಲೆ ನನ್ನ ಟವೆಲ್ಲು.

"ಊರೋರ್ ನೀರೆಲ್ಲಾ ಚೆಲ್ಸಿದ್ರಲ್ಲ, ಇದನ್ ಯಾರು ಬಚ್ಚಿಟ್ಟಿದ್ದು?" ಎಂದಳು.

ನಾನು ಫೋನ್ ತೆಗೆದು, ನನ್ನದೇ ಪುಟವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.