ಲೆಕ್ಕದ ಮೇಷ್ಟ್ರ ಹೆಸರು ತೊಳೆದದ್ದು

ಲೆಕ್ಕದ ಮೇಷ್ಟ್ರು ಇಂಟರ್ನೆಟ್ಟಿನಲ್ಲಿ ಇರಲಿಲ್ಲ. ಖಾತೆ ಇಲ್ಲ, ಫೋಟೋ ಇಲ್ಲ, ಯಾರ ಹುಟ್ಟುಹಬ್ಬಕ್ಕೂ ಒಂದು ಹೂವಿನ ಚಿತ್ರ ಕಳಿಸಿದವರಲ್ಲ. ಮೇಷ್ಟ್ರಾದವನು ಮಕ್ಕಳ ಕೈಗೆ ಸಿಗಬಾರದು ಎನ್ನುವುದು ಅವರ ಸಿದ್ಧಾಂತ. ಇಷ್ಟು ಜತನದಿಂದ ಕಾಪಾಡಿಕೊಂಡ ಮಾನಕ್ಕೆ ಕುತ್ತು ಬಂದದ್ದು ಬೆಳಿಗ್ಗೆ, ಸ್ಟಾಫ್ ರೂಮಿನಲ್ಲಿ.

"ಸಾರ್, ಆ ದೊಡ್ಡ ಸ್ಕೂಲಿಗೆ ಅರ್ಜಿ ಹಾಕಿದೀರಲ್ಲ," ಎಂದರು ಕಂಪ್ಯೂಟರ್ ಮೇಡಂ. "ಅವರು ಮೊದಲು ನೆಟ್ಟಲ್ಲಿ ಹೆಸರು ಹುಡುಕ್ತಾರೆ. ನೀವು ಯಾವತ್ತಾದ್ರೂ ಹುಡುಕಿದೀರಾ?"

"ಇದ್ರೆ ತಾನೇ ಹುಡುಕೋದು."

"ನೀವು ಇಲ್ದೇ ಇರಬಹುದು. ನಿಮ್ಮ ಬಗ್ಗೆ ಬರೆಯೋರು ಇರ್ತಾರಲ್ಲ."

ಹುಡುಕಿದರು. ಒಂದೇ ಒಂದು ಸಿಕ್ಕಿತು. ಪೋಷಕರು ಮೇಷ್ಟ್ರುಗಳಿಗೆ ಮಾರ್ಕ್ಸ್ ಕೊಡುವ ಒಂದು ಪುಟದಲ್ಲಿ 'ನೊಂದ ಪೋಷಕ' ಎನ್ನುವವರು ಬರೆದಿದ್ದರು: "ಪಾಪ, ಮನುಷ್ಯ ಒಳ್ಳೆಯವರು. ಆದರೆ ಪಾಠ ಶುರುವಾದರೆ ಮಕ್ಕಳಿಗಿಂತ ಮೊದಲು ಇವರಿಗೇ ನಿದ್ದೆ ಬರುತ್ತದೆ."

ಮೇಷ್ಟ್ರು ಅದನ್ನು ಎರಡೆರಡು ಸಲ ಓದಿದರು. ದೊಡ್ಡ ಸ್ಕೂಲಿನವರು ಕೊನೆಯ ಮಾತು ಹೇಳುವುದು ಅಂದೇ ಸಂಜೆ. ಕೆಲಸ ಸಿಕ್ಕರೆ ಅಲ್ಲಿ ಲೆಕ್ಕದ ವಿಭಾಗಕ್ಕೆ ಇವರೇ ಮುಖ್ಯಸ್ಥರು, ಕೂರಲು ಬಾಗಿಲಿರುವ ಸ್ವಂತ ಕೋಣೆ. ಇಲ್ಲಿ ಇರುವುದು ಅರ್ಧ ಮೇಜು, ಅದೂ ಕುಂಟು. ಯಾರು ರಜೆ ಹಾಕಿದರೂ ಅವರ ಪೀರಿಯಡ್ಡು ಬಂದು ಬೀಳುವುದು ಇವರ ತಲೆಗೇ.

"ಅಳಿಸೋಕಾಗಲ್ವಾ?"

"ಬರೆದೋರೇ ಅಳಿಸ್ಬೇಕು. ಒಳ್ಳೇದು ಬರೆಸಿ ಮೇಲೆ ಹಾಕ್ಸಿದ್ರೆ ಇದು ತಾನಾಗೇ ಕೆಳಗೆ ಹೋಗುತ್ತೆ."

"ನನ್ನ ಬಗ್ಗೆ ಒಳ್ಳೇದು ಯಾರು ಬರೀತಾರೆ?"

ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಕೇಳಬಾರದ ಪ್ರಶ್ನೆ ಅದು. ಭಾಷಣದ ಮೇಷ್ಟ್ರು ಎದ್ದು ನಿಂತರು. ಅವರು ಪಾಠ ಮಾಡುವುದು ಭಾಷೆ, ಹೆಸರು ಮಾಡಿರುವುದು ಭಾಷಣದಲ್ಲಿ. ಊರಲ್ಲಿ ಯಾರೇ ತೀರಿಕೊಳ್ಳಲಿ, ಶ್ರದ್ಧಾಂಜಲಿಯ ಮಾತು ಇವರದೇ.

"ನಾನಿಲ್ವೇನ್ರೀ? ಒಂದು ಪೀರಿಯಡ್ ಟೈಮ್ ಕೊಡಿ ಸಾಕು."

ಫೋಟೋ ಬೇಕೆಂದಾಗ ಕಂಪ್ಯೂಟರ್ ಮೇಡಂ ಗ್ರೂಪ್ ಫೋಟೋದಿಂದ ಮೇಷ್ಟ್ರನ್ನು ಕತ್ತರಿಸಿ ತೆಗೆದರು. ಬಣ್ಣ ಮಾಸಿ ಮುಖ ಹಸಿರಾಗಿತ್ತು, ಅದಕ್ಕೆ ಕಪ್ಪು ಬಿಳುಪು ಮಾಡಿದರು. ಪಕ್ಕದಲ್ಲಿ ಡ್ರಿಲ್ ಮಾಸ್ತರರ ಭುಜ ಇಣುಕುತ್ತಿತ್ತು, ಅದು ಕಾಣದಂತೆ ಸುತ್ತ ಕಪ್ಪು ಅಂಚು ಹಾಕಿದರು. "ಒಂದು ಗಾಂಭೀರ್ಯ ಬಂತು ನೋಡಿ ಸಾರ್," ಎಂದರು.

ಅದೇ ಪುಟಕ್ಕೆಂದು ಭಾಷಣದ ಮೇಷ್ಟ್ರು ಆ ಫೋಟೋದ ಕೆಳಗೆ ಬರೆದರು: "ಸರಳತೆಯ ಸಾಕಾರಮೂರ್ತಿ. ಅವರು ಹಚ್ಚಿದ ದೀಪಗಳು ಇಂದಿಗೂ ಬೆಳಗುತ್ತಿವೆ. ಇಂಥ ಗುರುವನ್ನು ನಾವು ಇನ್ನೆಂದು ಕಾಣುವೆವು? ಅವರು ತೋರಿದ ದಾರಿಯಲ್ಲಿ ನಡೆಯುವುದೊಂದೇ ನಮಗೆ ಉಳಿದಿರುವುದು."

ಲೆಕ್ಕದ ಮೇಷ್ಟ್ರು ಮೊದಲ ಸಾಲು ಓದುವಷ್ಟರಲ್ಲೇ ಕಣ್ಣು ಮಂಜಾಯಿತು, ಬೆಲ್ಲೂ ಹೊಡೆಯಿತು. ಉಳಿದದ್ದನ್ನು ಓದದೆ, "ಹಾಕಿಬಿಡಿ" ಎಂದು ಕ್ಲಾಸಿಗೆ ಹೋದರು.

ಮಧ್ಯಾಹ್ನ ಹೆಂಡತಿಯ ಫೋನ್ ಬಂತು.

"ರೀ, ಎಲ್ಲಿದೀರಿ?"

"ಒಂಬತ್ತನೇ ಕ್ಲಾಸಲ್ಲಿ."

"ಅಲ್ಲೇ ಇರಿ. ಇಲ್ಲಿ ಪಕ್ಕದ ಮನೆ ಆಂಟಿ ನನ್ನ ಕೈ ಹಿಡ್ಕೊಂಡು ಕೂತಿದಾರೆ. ಧೈರ್ಯ ತಂದ್ಕೋಬೇಕಂತೆ. ಇಲ್ಲ ಆಂಟಿ, ಅವರು ಚೆನ್ನಾಗೇ ಇದಾರೆ ಅಂದ್ರೆ, 'ಹೌದಮ್ಮ, ಎಲ್ಲಿದ್ರೂ ಚೆನ್ನಾಗಿರ್ತಾರೆ' ಅಂತ ತಲೆ ಸವರ್ತಾರೆ. ನಿಮ್ಮಣ್ಣ ಫೋನ್ ಮಾಡಿ, ಸ್ಕೂಟರ್ ಏನು ಮಾಡ್ತೀಯಮ್ಮ ಅಂತ ಕೇಳಿದ್ರು."

"ನೀನೇನಂದೆ?"

"ಯೋಚನೆ ಮಾಡಿ ಹೇಳ್ತೀನಿ ಅಂದೆ."

ಮೇಷ್ಟ್ರು ಓಡಿ ಬಂದು ಪುಟ ತೆಗೆಸಿ ನೋಡಿದರು. ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ ಶೋಕಿಸುತ್ತಿದ್ದರು. ನಿನ್ನೆ ಬಸ್ಸಲ್ಲಿ ನೋಡಿದ್ದೆ, ಆಗಲೇ ಮುಖ ಒಂಥರಾ ಇತ್ತು ಎಂದು ಒಬ್ಬ ಸಾಕ್ಷಿಯನ್ನೂ ಹೇಳಿದ್ದ.

"ಏನ್ರೀ ಇದು, ನನ್ನನ್ನ ಸಾಯಿಸೇಬಿಟ್ರಲ್ಲ," ಎಂದು ಭಾಷಣದ ಮೇಷ್ಟ್ರನ್ನು ಹಿಡಿದುಕೊಂಡರು.

"ಸತ್ರು ಅಂತ ಎಲ್ಲಿ ಬರ್ದಿದೀನಿ ತೋರ್ಸಿ. ಹೊಗಳಿದೀನಿ, ಅಷ್ಟೇ. ಬದುಕಿರೋರನ್ನ ಹೊಗಳಿ ನನಗೆ ಅಭ್ಯಾಸ ಇಲ್ಲ, ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದು."

ಅಳಿಸಿ ಎಂದರೆ, ಬೆಳಿಗ್ಗೆಯಷ್ಟೇ ತೆರೆದ ಖಾತೆಯ ಪಾಸ್‌ವರ್ಡ್ ನೆನಪಿಲ್ಲವಂತೆ. ಬೇರೆ ದಾರಿ ಕಾಣದೆ ಲೆಕ್ಕದ ಮೇಷ್ಟ್ರು ತಾವೇ ಒಂದು ಖಾತೆ ತೆರೆದು, "ನಾನು ಬದುಕಿದ್ದೇನೆ, ಯಾರೂ ಗಾಬರಿಯಾಗಬೇಡಿ" ಎಂದು ಬರೆದರು. ಹೋದವರ ಹೆಸರಲ್ಲಿ ತಮಾಷೆ ಮಾಡಲು ನಾಚಿಕೆಯಾಗುವುದಿಲ್ಲವೇ ಎಂದು ಜನ ಉಗಿದರು. ದೂರಿನ ಮೇಲೆ ದೂರು ಹೋಗಿ, ಅವರ ಬಾಳಿನ ಮೊದಲ ಖಾತೆ ಒಂದು ಪೀರಿಯಡ್ಡು ಮುಗಿಯುವುದರೊಳಗೆ ಮುಚ್ಚಿಹೋಯಿತು.

ಸಂಜೆ ತಡೆಯಲಾರದೆ ದೊಡ್ಡ ಸ್ಕೂಲಿಗೆ ತಾವೇ ಫೋನ್ ಮಾಡಿ ಹೆಸರು ಹೇಳಿದರು.

"ಇಂಥ ವಿಷಯದಲ್ಲಿ ಹುಡುಗಾಟ ಆಡಬಾರ್ದಪ್ಪ," ಎಂದಿತು ಒಂದು ಗಂಭೀರ ಧ್ವನಿ. "ನಾವು ಅವರ ಸ್ಕೂಲಿಗೇ ಫೋನ್ ಮಾಡಿ ಕೇಳಿಯೇ ಆ ಕೆಲಸ ಬೇರೆಯವರಿಗೆ ಕೊಟ್ಟಿದೀವಿ." ಫೋನ್ ಕಟ್ಟಾಯಿತು.

ಮೇಷ್ಟ್ರು ನೇರ ಹೆಡ್ ಮೇಡಂ ಕೋಣೆಗೆ ನುಗ್ಗಿದರು. ಅವರು ನಿಧಾನವಾಗಿ ಟೀ ಕುಡಿಯುತ್ತಿದ್ದರು.

"ಹೌದು, ಫೋನ್ ಬಂದಿತ್ತು. 'ನಿಜವಾ ಮೇಡಂ' ಅಂತ ಕೇಳಿದ್ರು. 'ಏನು ಹೇಳ್ಲಿ ಸಾರ್, ಅವರಂಥ ಮೇಷ್ಟ್ರು ಇನ್ನು ನಿಮಗೆ ಸಿಗಲ್ಲ' ಅಂದೆ. ಅದರಲ್ಲಿ ಸುಳ್ಳೇನಿದೆ?"

"ಮೇಡಂ, ಅಂಥ ಅವಕಾಶ ನನಗೆ ಇನ್ನೊಂದು ಸಲ ಬರುತ್ತಾ?" ಮೇಷ್ಟ್ರ ದನಿ ನಿಜಕ್ಕೂ ಒಡೆದಿತ್ತು.

"ನೀವು ಹೋದ್ರೆ ಹತ್ತನೇ ಕ್ಲಾಸಿನ ಗತಿ ಏನು? ಕೂತ್ಕೊಳ್ಳಿ. ಒಳ್ಳೇ ಮೇಷ್ಟ್ರು ಸಿಗೋದು ಕಷ್ಟ, ಉಳಿಸ್ಕೊಳ್ಳೋದು ಇನ್ನೂ ಕಷ್ಟ. ಆ ನಿದ್ದೆ ವಿಷಯ ಬರೆದಾಗ, ಅಷ್ಟೇ ಸಾಕು, ಯಾರೂ ಕರಿಯಲ್ಲ ಅಂದ್ಕೊಂಡಿದ್ದೆ."

ಬೇಲಿಯೇ ಎದ್ದು ಹೊಲ ಮೇಯುತ್ತಿರುವುದು ಮೇಷ್ಟ್ರಿಗೆ ಆಗ ಹೊಳೆಯಿತು. "ಅದು ಬರೆದಿದ್ದು ನೀವಾ?"

"ಕಂಪ್ಯೂಟರ್ ಮೇಡಂ ಬಗ್ಗೆ ಇನ್ನೂ ಕೆಟ್ಟದಾಗಿ ಬರ್ದಿದೀನಿ. ಅವರಿಗೆ ಹೇಳ್ಬೇಡಿ ಮತ್ತೆ."

"ಭಾಷಣದ ಮೇಷ್ಟ್ರ ಬಗ್ಗೆ?"

ಹೆಡ್ ಮೇಡಂ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

"ಅವರ ಬಗ್ಗೆ ವರ್ಷಾವರ್ಷ ಹೊಗಳಿ ಹೊಗಳಿ ಬರೀತಾನೇ ಇದೀನಿ. ಏನು ಮಾಡಿದ್ರೂ ಒಬ್ಬರೂ ಕರ್ಕೊಂಡು ಹೋಗ್ತಿಲ್ಲ."