ಗಾದಿ ಅಂಗಡಿಗೆ ಬಂದ ನಾಯಿಮರಿ

ನಾಯಿಮರಿ ಇರುವ ಮನೆಯಲ್ಲಿ ಇಂಥವು ದಿನಕ್ಕೊಂದು ನಡೆಯುತ್ತಲೇ ಇರುತ್ತವೆ, ಅತ್ತರೆ ಆ ದಿನ ಹಾಳು, ನಕ್ಕರೆ ಮುಂದೆ ಹೇಳಿಕೊಳ್ಳಲು ಒಂದು ಕತೆ ಎಂದು ನನಗೆ ಮೊದಲು ಹೇಳಿದವರು ಗೋವಾದ ಮ್ಹಾಪಸಾದ ನಮ್ಮ ಪಕ್ಕದ ಮನೆಯ ಆಂಟಿ. ಜೀವಮಾನದಲ್ಲಿ ಹನ್ನೊಂದು ನಾಯಿ ಸಾಕಿದವರು. ನನ್ನ ಕೆಂಪು ಕಣ್ಣು ನೋಡಿ, ಕಾಂಪೌಂಡಿನ ಆಚೆಯಿಂದ ಮೂರು ಬೆರಳು ಎತ್ತಿ ತೋರಿಸಿ, "ತೀನ್ ಮ್ಹಯ್ನೆ, ಬಾಯ್! ಮೂರು ತಿಂಗಳು ನೆಲದ ಮೇಲೆ ಏನೂ ಇಡಬೇಡ, ನಿದ್ದೆಯ ಆಸೆಯನ್ನೂ ಇಡಬೇಡ" ಅಂದಿದ್ದರು. ಎರಡನೆಯದನ್ನು ಪಾಲಿಸುವುದು ನನಗೆ ಕಷ್ಟವಾಗಲಿಲ್ಲ. ಅದನ್ನು ನಾಯಿಮರಿಯೇ ನೋಡಿಕೊಂಡಿತು.

ಎಂಟು ವರ್ಷದ ಹಿಂದಿನ ಮಾತು ಇದು. ನಾವು ಧಾರವಾಡದ ಕಡೆಯವರು. ಮ್ಹಾಪಸಾದಲ್ಲಿ ಮಾವನವರು ಹಾಕಿದ ಅರಿವೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅತ್ತೆ ತೀರಿದ ಮೇಲೆ ಮನೆಯಲ್ಲಿ ಮಾವ, ಗಂಡ, ನಾನು, ಮೂವರೇ. ಅವರಿಬ್ಬರೂ ಊಟಕ್ಕೆ ಕೂತರೆ ಹುಳಿ ಸಪ್ಪಗಾಗಿದೆ ಅನ್ನುವುದೇ ದೊಡ್ಡ ಸಂಭಾಷಣೆ. ಆ ಜೂನಿನ ಮಳೆಯಲ್ಲಿ ಬಸ್ಸಿನಿಂದ ಇಳಿದ ಬಟ್ಟೆಯ ಗಂಟುಗಳ ನಡುವೆ ಒಂದು ಹೆಣ್ಣುಮರಿ ಸಿಕ್ಕಿತು. ತವುಡು ಉದುರಿಸಿ ಸುಟ್ಟ ಗೋವಾದ ಬ್ರೆಡ್ಡಿನ ಬಣ್ಣ. ಆ ಬ್ರೆಡ್ಡಿಗೆ ಇಲ್ಲಿ ಪೊಯಿ ಅನ್ನುತ್ತಾರೆ. ಆಂಟಿ ಅದೇ ಹೆಸರಿಟ್ಟರು. ಎರಡೇ ದಿನದಲ್ಲಿ ಅದು ನನ್ನ ಹೆಜ್ಜೆ ಗುರುತು ಹಿಡಿಯಿತು. ನಾನು ಒಳಗೆ ಬಂದರೆ ಬಾಗಿಲಿಗೆ ಓಡಿ ಬರುವ ಜೀವ ಆ ಮನೆಯಲ್ಲಿ ಅದೊಂದೇ ಇತ್ತು.

ಮಾವನವರು ಅಂಗಡಿಯ ಕಾನೂನು ಓದಿದರು. "ಹೊಸಾ ಆಳು ಯಾರ ಬಂದ್ರೂ ಮೂರು ತಿಂಗಳು ನೋಡತೇವಿ. ಇದಕ್ಕೂ ಅಷ್ಟ. ಚೌತಿ ತನಕಾ ಸುಧಾರಿಸಿದ್ರ ಇರ್ಲಿ. ಇಲ್ಲಂದ್ರ ಕೊರ್ಲಿಮ್ ವಾಚ್‌ಮನ್ ಒಂದು ನಾಯಿ ಬೇಕು ಅನ್ನಾಕತ್ತಾನ, ಅವಗ ಕೊಟ್ಟಬಿಡೂದು."

ಈ ವಾಚ್‌ಮನ್ ವಿಜಯಪುರದ ಕಡೆಯವನು. ಕೊರ್ಲಿಮ್‌ನ ಒಂದು ಕಾರ್ಖಾನೆಯ ಗೇಟಿನಲ್ಲಿ ಕೆಲಸ, ನಮ್ಮಲ್ಲಿ ವರ್ಷಾ ಬಟ್ಟೆಗೆ ಬರುವ ಗಿರಾಕಿ.

"ನಾ ಜಾಮೀನು ನಿಲ್ತೇನ್ರಿ ಮಾವಾರ" ಅಂದೆ. ಧಾರವಾಡದಲ್ಲಿ ಮನಃಶಾಸ್ತ್ರ ತೊಗೊಂಡು ಬಿ.ಎ. ಮಾಡಿದವಳು ನಾನು. ಗಂಟೆ ಬಾರಿಸಿ ನಾಯಿಯ ಬಾಯಲ್ಲಿ ನೀರು ಬರಿಸುವ ಪ್ರಯೋಗ ಪರೀಕ್ಷೆಗೆ ಬಂದಿತ್ತು. ಸೋಲುತ್ತೇನೆ ಎಂದು ಅನ್ನಿಸಿರಲಿಲ್ಲ.

ಪೇಪರಿನ ಪಾಠ

ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಬಹಳ ಸುಲಭ ಮಾಡಿ ಹೇಳಿದಳು: ನೆಲಕ್ಕೆ ಪೇಪರ್ ಹಾಸಿ, ಮರಿ ಅದರ ಮೇಲೆಯೇ ಮಾಡುವಂತೆ ಕಲಿಸಿ, ಮಾಡಿದಾಗಲೆಲ್ಲ ಹೊಗಳಿ. ಹತ್ತು ದಿನ ನಾನು ರದ್ದಿ ಪೇಪರ್ ಹಾಸಿದೆ, ಒರೆಸಿದೆ, ಮತ್ತೆ ಹಾಸಿದೆ. ಹನ್ನೊಂದನೆಯ ದಿನ ಪೊಯಿ ತಾನಾಗಿ ಹೋಗಿ ಪೇಪರಿನ ನಟ್ಟನಡುವೆ ಕೂತಿತು. ನಾನು ಚಪ್ಪಾಳೆ ತಟ್ಟಿ ಕುಣಿದೆ. ಬಿ.ಎ. ಪಾಸಾದಾಗಲೂ ಅಷ್ಟು ಕುಣಿದಿರಲಿಲ್ಲ.

ನಾನು ಮರೆತದ್ದು ಒಂದೇ. ಮಾವನವರ ಕನ್ನಡ ಪೇಪರು ಬೆಳಗಾವಿ ಬಸ್ಸಿಗೆ ಹತ್ತು ಗಂಟೆಗೆ ಬರುತ್ತಿತ್ತು. ಅವರು ಅದನ್ನು ಕೈಯಲ್ಲಿ ಹಿಡಿದು ಓದುವವರಲ್ಲ. ಅಂಗಡಿಯ ನೆಲಕ್ಕೆ ಹಾಸಿದ ಗಾದಿಯ ಮೇಲೆ ಪೂರ್ತಿ ಹರಡಿ, ಎರಡೂ ಅಂಗೈ ಊರಿ, ಮೂಗು ಅಕ್ಷರಕ್ಕೆ ತಾಗುವಷ್ಟು ಬಾಗಿ ಓದಬೇಕು.

ಪೊಯಿ ಬಂತು. ಇಷ್ಟು ಶುಭ್ರವಾಗಿ ಯಾರೋ ತನಗಾಗಿಯೇ ಹಾಸಿದ್ದಾರೆ ಎಂದುಕೊಂಡಿತು. ಕಲಿತ ವಿದ್ಯೆ ಪ್ರದರ್ಶಿಸಿ, ಹೊಗಳಿಕೆಗಾಗಿ ಮಾವನವರ ಮುಖ ನೋಡಿತು.

ಮಾವನವರು ಕನ್ನಡಕ ತೆಗೆದರು. "ಬರ್ರಿ ಇಲ್ಲೆ, ನಿಮ್ಮ ಆಳಿನ ಕೆಲಸ ನೋಡ್ರಿ. ಸಂಪಾದಕೀಯದ ಮ್ಯಾಲ ಮಾಡೇತಿ."

ನಾನು ಬಟ್ಟೆ ಹಿಡಿದು ಓಡಿಬಂದೆ. ನನ್ನ ಗಂಡ ಬಗ್ಗಿ ನೋಡಿ, ನಿಧಾನಕ್ಕೆ ಕೇಳಿದರು: "ಅಪ್ಪಾ, ಓದಿ ಮಾಡೇತೋ, ಓದಲಾರದ ಮಾಡೇತೋ?"

ಮಾವನವರು ಒದ್ದೆಯ ಆಚೀಚೆ ಉಳಿದಿದ್ದ ನಾಲ್ಕು ಸಾಲು ಓದಿದರು. "ಓದೇ ಮಾಡಿರಬೇಕು," ಅಂದರು.

ಜೋಳದ ರೊಟ್ಟಿಯ ಕಸುವು

ಪೇಟೆಯ ದನದ ಡಾಕ್ಟರು ಮರಿಯ ಪಕ್ಕೆಲುಬು ಎಣಿಸಿ, ಮೊಟ್ಟೆ ಕೊಡಿ, ಮೀನು ಕೊಡಿ ಅಂದರು. ಮಾವನವರಿಗೆ ಇದನ್ನು ಹೇಳಿದೆ.

"ನಾಕು ತಲಿಮಾರಿನಿಂದ ಈ ಮನ್ಯಾಗ ತತ್ತಿ ಒಳಗ ಬಂದಿಲ್ಲ. ನಾವೇನ ಸೊರಗೇವೇನು?" ಎಂದು ತಮ್ಮ ಹೊಟ್ಟೆಯನ್ನೇ ಸಾಕ್ಷಿಗೆ ತೋರಿಸಿದರು. ಆವತ್ತಿನಿಂದ ಮೊಸರಿನಲ್ಲಿ ನೆನೆಸಿದ ಜೋಳದ ರೊಟ್ಟಿ ಮತ್ತು ಹೆಸರುಬೇಳೆ. ಅದನ್ನು ಕಿವುಚುವ ಕೆಲಸ ಮಾತ್ರ ಅವರೇ ಮಾಡುತ್ತಿದ್ದರು. ನನಗೆ ಹದ ಗೊತ್ತಿಲ್ಲವಂತೆ.

ತಿಂಗಳೊಪ್ಪತ್ತಿನಲ್ಲಿ ಪೊಯಿ ಗುಂಡಗಾಯಿತು. ಮೈಯ ಕೂದಲು ರೇಷ್ಮೆ. ಡಾಕ್ಟರೇ ಬೆರಗಾಗಿ, ಏನು ಹಾಕುತ್ತೀರಿ ಎಂದು ಕೇಳಿದರು. ಮಾವನವರು ಇಡೀ ಪೇಟೆಗೆ ಸಾರಿಕೊಂಡು ಬಂದರು: "ಜ್ವಾಳದ ರೊಟ್ಟಿ ಕಸುವು ಅಂದ್ರ ಏನಂತ ತಿಳದೀರಿ!" ಪಕ್ಕದ ಪಾತ್ರೆ ಅಂಗಡಿಯವನು ತನ್ನ ನಾಯಿಗೂ ರೊಟ್ಟಿ ಶುರು ಮಾಡಿದ. ಆ ನಾಯಿ ಮೂರು ದಿನ ಉಪವಾಸ ಕೂತಿತಂತೆ.

ಒಂದು ಬೆಳಿಗ್ಗೆ ಮೀನು ಮಾರುವಾಕೆ ಓಣಿಗೆ ಬಂದಳು. ಪೊಯಿ ಗಾದಿಯಿಂದ ಹಾರಿ ಅವಳ ಬುಟ್ಟಿಯ ಮುಂದೆ ಶಿಸ್ತಾಗಿ ಕೂತಿತು. ಅವಳು ಮಾವನವರನ್ನು ನೋಡಿ ನಕ್ಕು, "ಸೇಠ್, ಇವಳು ನನ್ನ ದಿನದ ಗಿರಾಕಿ. ಇವಳಿಗೆಂದೇ ಆ ಆಂಟಿ ಎರಡು ಬಾಂಗಡೆ ಹೆಚ್ಚು ಕೊಳ್ಳುತ್ತಾಳೆ" ಅಂದಳು. ಕಾಂಪೌಂಡಿನ ಆಚೆ ಆಂಟಿ ಇದ್ದಕ್ಕಿದ್ದಂತೆ ಕರವಸ್ತ್ರ ಒಣಗಿಸತೊಡಗಿದರು.

ನಾಲ್ಕು ತಲೆಮಾರಿನ ಮಾತು! ಇಲ್ಲಿಗೆ ಪೊಯಿಯ ನೌಕರಿ ಮುಗಿಯಿತು ಅಂದುಕೊಂಡೆ.

ಮಾವನವರು ಮೀನಿನ ಬುಟ್ಟಿ ನೋಡಿ, "ಮನ್ಯಾಗ ರೊಟ್ಟಿ ಉಂಡು, ಹೊರಗ ಹೋಗಿ ಏನೇನೋ ತಿಂದು, ಬಾಯಿ ಒರಿಸ್ಕೊಂಡು ಒಳಗ ಬರೂ ಮಕ್ಕಳನ್ನ ನಾ ಮೊದಲೂ ಸಾಕೇನಿ, ಬಿಡು" ಅಂದರು.

ನನ್ನ ಗಂಡನಿಗೆ ಆಗಲೇ ಗೋದಾಮಿನಲ್ಲಿ ಏನೋ ತುರ್ತು ಕೆಲಸ ನೆನಪಾಯಿತು.

ಕೂಡು!

ಎರಡನೆಯ ತಿಂಗಳು ಹಲ್ಲು ಬರುವ ಕಾಲ. ಪೊಯಿ ಸಿಕ್ಕಿದ್ದೆಲ್ಲ ಜಗಿಯಿತು: ಸೀರೆ ಸೆರಗು, ಬೀಗದ ಕೈ, ಮೀಟರ್ ಕೋಲಿನ ತುದಿ. ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಲ್ಲಿ ಎರಡೇ ಮಾತು, "ಬಿಡು!" ಮತ್ತು "ಕೂಡು!" ಪೊಯಿ ಎರಡನ್ನೂ ಕೇಳಲಿಲ್ಲ. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಒಮ್ಮೆ ಪರದೆಯ ಬಟ್ಟೆ ಅಳೆಯುತ್ತ ಅಳೆಯುತ್ತ ನಿದ್ದೆ ಹೋಗಿ, ಗಿರಾಕಿಯೇ ನನ್ನ ಕೈಯಿಂದ ಕೋಲು ತೊಗೊಂಡು ಉಳಿದದ್ದನ್ನು ತಾನೇ ಅಳೆದುಕೊಂಡಿದ್ದಳು. ಪುಣ್ಯವಂತೆ, ಸರಿಯಾಗಿಯೇ ಅಳೆದಿದ್ದಳು.

ಆ ದಿನಗಳಲ್ಲೇ ಚಿಂಬಲ್‌ನಿಂದ ಒಬ್ಬ ಗೌಂಡಿ ಬಂದ. ಕಟ್ಟಡ ಕೆಲಸದ ಗಟ್ಟಿ ಆಳು, ನಮ್ಮ ಕಡೆಯವನೇ. ತಂಗಿಯ ಮದುವೆಗೆ ಬಟ್ಟೆ. ಚೌಕಾಶಿ ಮಾಡುತ್ತ ಮಾಡುತ್ತ ಕಾವು ಏರಿ, ಗಾದಿಯಿಂದ ಎದ್ದು ನಿಂತು, ಬಟ್ಟೆಯ ಥಾನಿನ ಒಂದು ತುದಿ ಹಿಡಿದು ಎಳೆಯತೊಡಗಿದ. "ಇಷ್ಟಕ್ಕ ಕೊಡ್ರಿ ಅಕ್ಕಾರ, ಇಲ್ಲಂದ್ರ ನಾ ಬಿಡೂದಿಲ್ಲ ನೋಡ್ರಿ!" ಇನ್ನೊಂದು ತುದಿ ನನ್ನ ಕೈಯಲ್ಲಿ. ಅರೆನಿದ್ದೆಯಲ್ಲಿದ್ದ ನನಗೆ ಕಂಡದ್ದು ಒಂದೇ: ಯಾರೋ ಬಟ್ಟೆ ಎಳೆಯುತ್ತಿದ್ದಾರೆ.

"ಬಿಡು!" ಎಂದು ಗದರಿದೆ.

ಬಿಟ್ಟ.

"ಕೂಡು!"

ಕೂತ.

"ಶಾಣ್ಯಾ!" ಎಂದು ಪೊಯಿಗೆಂದು ಪಕ್ಕದಲ್ಲಿಟ್ಟಿದ್ದ ಬಿಸ್ಕಿಟು ಎತ್ತಿ ಕೊಟ್ಟೆ. ಅವನು ಎರಡೂ ಕೈ ಒಡ್ಡಿ ತೊಗೊಂಡ. ಅಷ್ಟರಲ್ಲಿ ನನಗೆ ಪೂರ್ತಿ ಎಚ್ಚರವಾಗಿ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಪುಣ್ಯಾತ್ಮ ಬಿಸ್ಕಿಟು ಕಡಿದು, "ಹೋಗ್ಲಿರಿ, ನೀವು ಹೇಳಿದ್ದಕ್ಕ ಕೊಡ್ರಿ" ಅಂದುಬಿಟ್ಟ.

ಅವನು ಹೋದ ಮೇಲೆ ಮಾವನವರು ಹೇಳಿದರು: "ಈ ಗಾದಿ ಮ್ಯಾಲ ಜೀವಾ ತೇದೇನಿ. ಒಬ್ಬ ಗಿರಾಕಿನೂ ನನ್ನ ಮಾತು ಹಿಂಗ ಕೇಳಿಲ್ಲ. ಆ ಬಿಸ್ಕೀಟು ಯಾವ ಕಂಪನೀದು?"

ಒಂಟಿ ಚಪ್ಪಲಿಗಳು

ಈಗ ಅಂಗಡಿಯಲ್ಲಿ ಗಾಜಿನ ಕೌಂಟರ್, ಕುರ್ಚಿ ಎಲ್ಲ ಬಂದಿವೆ. ಆಗ ಗೋಡೆಯಿಂದ ಗೋಡೆಗೆ ಬಿಳಿ ಗಾದಿ. ಗಿರಾಕಿಗಳು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಗಾದಿ ಮೇಲೆ ಕಾಲು ಮಡಚಿ ಕೂತು, ಚಹಾ ಕುಡಿದು, ಮನೆಯ ಸುದ್ದಿಯೆಲ್ಲ ಆದಮೇಲೆ ಬಟ್ಟೆ ನೋಡುವುದು. ಆ ಗಾದಿಯ ಮೇಲಿನ ಹರಟೆ ನೆನಪಾದರೆ ಕುರ್ಚಿಗಳ ಮೇಲೆ ಇವತ್ತಿಗೂ ನನಗೆ ಸಿಟ್ಟು.

ಚೌತಿ ಹತ್ತಿರ ಬಂದಿತ್ತು. ಶುಕ್ರವಾರ, ಸಂತೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಮೊದಲು ಎದ್ದವಳು ಒಬ್ಬ ಟೀಚರಮ್ಮ. ಮೆಟ್ಟಿಲ ಬಳಿ ನಿಂತು, "ನನ್ನ ಎಡಗಾಲಿನದು ಇಲ್ಲಲ್ಲಾ" ಅಂದಳು. ಆಮೇಲೆ ಇನ್ನೊಬ್ಬರು. ಆಮೇಲೆ ಒಟ್ಟಿಗೆ ಐದು ಜನ. ಪೊಯಿ ಪ್ರತಿ ಜೋಡಿಯಿಂದ ಒಂದೊಂದನ್ನೇ ಒಯ್ದಿತ್ತು. ಎರಡೂ ಒಯ್ದರೆ ಅನ್ಯಾಯ ಎಂದುಕೊಂಡಿತೋ ಏನೋ.

ಮಳೆ ಬೇರೆ ಸುರಿಯುತ್ತಿತ್ತು. ಒಂದೇ ಚಪ್ಪಲಿಯಲ್ಲಿ ಯಾರೂ ಇಳಿದು ಹೋಗುವ ಹಾಗಿಲ್ಲ. ನಾನೂ ನನ್ನ ಗಂಡನೂ ಥಾನುಗಳ ಹಿಂದೆ ತೆವಳಿ ಹುಡುಕುತ್ತಿದ್ದರೆ ಗಿರಾಕಿಗಳು ಬೇಸರ ಕಳೆಯಲು ಇನ್ನಷ್ಟು ಬಟ್ಟೆ ತೆಗೆಸಿ ನೋಡಿದರು. ಕೊನೆಗೆ ಸಿಕ್ಕವು, ಗೋದಾಮಿನ ಮೂಲೆಯಲ್ಲಿ, ಸಾಲಾಗಿ. ಟೀಚರಮ್ಮನದಕ್ಕೆ ಮಾತ್ರ ಹಿಮ್ಮಡಿ ಇರಲಿಲ್ಲ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಲಗಾಲಿನದನ್ನೂ ಬಿಚ್ಚಿ ಪೊಯಿಯ ಮುಂದಿಟ್ಟಳು. "ತೊಗೊಳವ್ವಾ. ಅರ್ಧಕ್ಕೆ ಬಿಟ್ಟ ಕೆಲಸ ಕಂಡ್ರ ನನಗೂ ಆಗೂದಿಲ್ಲ."

ಎಲ್ಲರೂ ನಕ್ಕರು, ಮಾವನವರು ನಗಲಿಲ್ಲ. ಸಂಜೆ ಬಾಗಿಲು ಹಾಕುವಾಗ ನನ್ನ ಮುಖ ನೋಡದೆ ಹೇಳಿದರು: "ಕೊರ್ಲಿಮ್‌ಗೆ ಫೋನ್ ಹಚ್ಚವಾ. ರವಿವಾರ ಬಾ ಅನ್ನು."

ಜಾಮೀನು ನಿಂತವಳು ನಾನೇ. ಫೋನ್ ಹಚ್ಚಿದೆ.

ನೋಡಲು ಬಂದವರು

ರವಿವಾರ ವಾಚ್‌ಮನ್ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಜೊತೆಗೆ ಹೆಂಡತಿ. "ಮನ್ಯಾಗ ಅಕೀನ ಇರಾಕಿ, ಅಕೀನೂ ಒಮ್ಮಿ ನೋಡ್ಲಿ ಅಂತ ಕರ್ಕೊಂಡ ಬಂದೆರಿ" ಅಂದ. ಇಬ್ಬರೂ ಗಾದಿಯ ಅಂಚಿನಲ್ಲಿ ಕೂತರು. ನಾನು ಅವಲಕ್ಕಿ, ಚಹಾ ತಂದಿಟ್ಟೆ. ಬೆಳಿಗ್ಗೆಯೇ ಪೊಯಿಗೆ ಸ್ನಾನ ಮಾಡಿಸಿದ್ದೆ. ಅದು ಬಂದು ಮಾವನವರ ತೊಡೆಗೆ ಒರಗಿ ಕೂತು, ಬಂದವರನ್ನು ಓರೆಗಣ್ಣಿನಿಂದ ನೋಡಿತು.

ಮಾವನವರು ಗಂಟಲು ಸರಿಮಾಡಿಕೊಂಡರು. "ಮನ್ಯಾಗ ಎಷ್ಟು ಮಂದಿ?"

"ನಾವಿಬ್ಬರರಿ."

"ಸ್ವಂತ ಮನಿ?"

"ಇಲ್ರಿ, ಬಾಡಗಿದು."

"ಹೂಂ. ಕೆಲಸ ಹಗಲೋ, ರಾತ್ರಿಯೋ?"

"ಶಿಫ್ಟ್‌ರಿ. ಒಂದ್ ವಾರ ಹಗಲು, ಒಂದ್ ವಾರ ರಾತ್ರಿ."

"ಅಂದ್ರ ಊಟ ಹೊತ್ತಿಗೆ ಸರಿಯಾಗಿ ಆಗೂದಿಲ್ಲ." ಮಾವನವರು ಮಗನ ಕಡೆ ಅರ್ಥಗರ್ಭಿತವಾಗಿ ನೋಡಿದರು. "ಮೊದಲ ನಾಯಿ ಸಾಕೀರೇನು?"

"ಒಂದಿತ್ರಿ. ವಯಸ್ಸಾಗಿ ಹೋದ ವರ್ಷ ಹೋತ್ರಿ."

ಮಾವನವರು ಬಟ್ಟಲು ಕೆಳಗಿಟ್ಟರು. "ಅಂದ್ರ ಇದು ಎರಡನೇ ಸಂಬಂಧ!"

ವಾಚ್‌ಮನ್ನನ ಬಾಯಲ್ಲಿ ಅವಲಕ್ಕಿ ಹಾಗೇ ನಿಂತಿತು. ಅವನ ಹೆಂಡತಿ ಚುರುಕು. ಕೂಡಲೇ ಮಾತು ಎತ್ತಿಕೊಂಡಳು. "ಅದಿರ್ಲಿ ಬಿಡ್ರಿ. ಇಕೀ ಗುಣ ಹೆಂಗ್ರಿ? ಹಟಾ ಗಿಟಾ ಏನರ?"

ನಾನು ಮಾವನವರ ಕಡೆ ನೋಡಿದೆ. ಮೂರು ತಿಂಗಳಿಂದ ದಿನಾ ಮಂತ್ರದ ಹಾಗೆ ಪೊಯಿಯ ತಪ್ಪು ಹೇಳಿಕೊಂಡು ಬಂದ ಮನುಷ್ಯ ಅವರು. ಅವರೆಂದರು: "ಗುಣಕ್ಕ ಹೆಸರಿಡಂಗಿಲ್ಲ. ಬಾಯಿ ಅನ್ನೂದ ಇಲ್ಲ. ಮನ್ಯಾಗ ಐತೋ ಇಲ್ಲೋ ಅನ್ನೂದೂ ಗೊತ್ತಾಗೂದಿಲ್ಲ."

"ಹಂಗಾದ್ರ ನಮಗ ಒಪ್ಪಿಗಿ ಐತ್ರಿ" ಎಂದು ವಾಚ್‌ಮನ್ ಖುಷಿಯಿಂದ ಎದ್ದ. "ಇವತ್ತ ಕರ್ಕೊಂಡ ಹೋಗ್ತೇವಿ."

ಮಾವನವರ ಕೈ ಪೊಯಿಯ ಬೆನ್ನ ಮೇಲೆ ಇತ್ತು, ಅಲ್ಲಿಂದ ಅಲ್ಲಾಡಲಿಲ್ಲ.

"ಹಂಗ ಒಮ್ಮಿಗೇ ಹೆಂಗಾಗತೈತಿ?" ಅಂದರು. "ನಾವು ಮನಿ ಮಂದಿ ಕೂತು ಒಂದು ಮಾತು ಆಡಬೇಕಲ್ಲಾ. ನೀವು ಆರಾಮಾಗಿ ಹೋಗಿ ಬರ್ರಿ. ನಾವು ತಿಳಸತೇವಿ."

ಹೆಣ್ಣು ನೋಡಿ ಬಂದ ಯಾವ ಮನೆಗೂ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ವಾಚ್‌ಮನ್ನನಿಗೆ ಮಾತ್ರ ತಿಳಿಯಲಿಲ್ಲ. "ಅಲ್ರಿ, ಫೋನ್ ಮಾಡಿ ಕರದವರು ನೀವ, ತಿಳಸೂದೇನೈತ್ರಿ ಇದರಾಗ?" ಅಂದ. ಹೆಂಡತಿ ಅವನ ಅಂಗಿ ಹಿಡಿದು ಎಳೆದಳು. "ಏಳ್ರಿ ಸುಮ್ನ. ನಿಮಗಿಂತ ಮೊದಲ ಬಂದ ನಾಕು ಮಂದಿಗೆ ನಮ್ಮಪ್ಪನೂ ಹಿಂಗ ತಿಳಸತೇನಿ ಅಂದಿದ್ದ."

ಹೋಗುವಾಗ ಅವಳು ನನ್ನ ಕೈ ಹಿಚುಕಿ ನಕ್ಕಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಬರಿದಾದ ಬಟ್ಟಲು ಎತ್ತಿಕೊಂಡು ಒಳಗೆ ಓಡಿದೆ.

ಮರುದಿನ ಪಾಪದ ವಾಚ್‌ಮನ್ ಫೋನು ಮಾಡಿಯೇ ಬಿಟ್ಟ. ನಾನು ಫೋನಿನ ಮೇಲೆ ಕೈ ಮುಚ್ಚಿ, ಏನು ಹೇಳಲಿ ಎಂದು ಮಾವನವರ ಕಡೆ ನೋಡಿದೆ. ಅವರು ಮೊಸರಿನಲ್ಲಿ ರೊಟ್ಟಿ ಕಿವುಚುತ್ತ, ತಲೆ ಎತ್ತದೆ ಹೇಳಿದರು: "ಜಾತಕಾ ಕೂಡಿ ಬರಲಿಲ್ಲ ಅಂತ ಹೇಳವಾ."

ನಿಮಗೆ ಗೊತ್ತಿರುವವರ ಮನೆಗೆ ಈಗಷ್ಟೇ ಮರಿ ಬಂದು, ನಿದ್ದೆಗೆಟ್ಟು, ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತು ನಡೆದಿದ್ದರೆ ಇಷ್ಟು ಮುಟ್ಟಿಸಿ: ಕೊಡಿ, ಬೇಡವೆನ್ನುವುದಿಲ್ಲ, ಆದರೆ ಒಯ್ಯುವವರನ್ನು ಒಮ್ಮೆ ಮನೆಗೆ ಕರೆದು, ಎದುರಿಗೆ ಕೂರಿಸಿಕೊಂಡು, ಮನೆಯ ಹಿರಿಯರಿಂದ ನಾಲ್ಕು ಪ್ರಶ್ನೆ ಕೇಳಿಸಿ.