ಚಾರ್ಜಿಂಗ್ ತೂತಿನೊಳಗೆ ಸಿಕ್ಕಿದ್ದೆಲ್ಲ

ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತವನಿಗೆ ನಗೋಕೆ ಟಿ.ವಿ. ಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ಯಾರಾದರೊಬ್ಬರು ಫೋನ್ ಮುಂದಿಟ್ಟು "ಚಾರ್ಜ್ ಆಗಲ್ಲ" ಅಂತಾರೆ. ಏನಾಯ್ತು ಅಂತ ಕೇಳಿದರೆ, "ಅದು ಗೊತ್ತಿದ್ರೆ ನಿನ್ನ ಹತ್ರ ಯಾಕಪ್ಪ ಬರ್ತಿದ್ದೆ" ಅಂತ ನನ್ನನ್ನೇ ಗದರ್ತಾರೆ. ನಾನು ಟಾರ್ಚ್ ಹಾಕಿ ತೂತು ನೋಡ್ತೀನಿ. ಅಷ್ಟು ಸಣ್ಣ ತೂತಿನೊಳಗೆ ನಮ್ಮ ಸೀಮೆ ಜನ ಏನೇನು ತುಂಬಿರ್ತಾರೆ ಅಂದರೆ ನೀವು ನಂಬಲ್ಲ.

ಆಯುಧಪೂಜೆ ಮಾರನೇ ದಿನ

ಟೊಮೇಟೊ ಮಂಡಿ ಯಜಮಾನರೊಬ್ಬರು ಬಂದರು. ಹೊಸ ಫೋನು, ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಪಿನ್ನೇ ಒಳಗೆ ಹೋಗ್ತಿಲ್ಲ. ನೋಡಿದರೆ ತೂತಿನ ತುಂಬ ಗಂಧ, ಅದರ ಮೇಲೆ ನೀಟಾಗಿ ಕುಂಕುಮ.

"ಫೋನ್‌ಗೂ ಪೂಜೆ ಮಾಡಿದ್ರಾ ಯಜಮಾನ್ರೆ?"

"ಮತ್ತೆ? ಇದಕ್ಕಿಂತ ದೊಡ್ಡ ಆಯುಧ ನನ್ನ ಹತ್ರ ಯಾವುದಪ್ಪ ಇದೆ? ದಿನಾ ಇದರಲ್ಲೇ ತಾನೇ ಎಲ್ಲರ ಜೊತೆ ಕಿತ್ತಾಡೋದು?"

ಮಾತು ನಿಜ. ಅವರು ಫೋನಲ್ಲಿ ಬೈಯೋದು ಬಸ್‌ಸ್ಟ್ಯಾಂಡ್‌ವರೆಗೂ ಕೇಳಿಸುತ್ತೆ. ನಾನು ಬ್ರಷ್ ತಗೊಂಡು ಉಜ್ಜೋಕೆ ಶುರು ಮಾಡಿದೆ. ಅವರು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು.

"ಪೂರ್ತಿ ತೆಗೀಬೇಡ, ಒಳ್ಳೇದಲ್ಲ. ಸ್ವಲ್ಪ ಉಳಿಸು."

"ಹಾಗಾದ್ರೆ ಚಾರ್ಜೂ ಸ್ವಲ್ಪಾನೇ ಆಗುತ್ತೆ, ಪರವಾಗಿಲ್ವಾ?"

ಒಲ್ಲದ ಮನಸ್ಸಿನಿಂದ ಪೂರ್ತಿ ತೆಗೆಯೋಕೆ ಒಪ್ಪಿದರು. ಮುಂದಿನ ವರ್ಷ ಹಬ್ಬದ ಹಿಂದಿನ ದಿನವೇ ಬಂದು ಫೋನ್ ಮುಂದಿಟ್ಟರು. "ಎಲ್ಲೆಲ್ಲಿ ಕುಂಕುಮ ಇಡಬಹುದು, ಪೆನ್ನಲ್ಲಿ ಒಂದೊಂದು ಚುಕ್ಕೆ ಹಾಕ್ಕೊಡಪ್ಪ."

ಸಾಕ್ಷಿ

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯೋ ಘಟಕ ಇಟ್ಟಿರೋ ಸಾಹೇಬರೊಬ್ಬರು ಇದ್ದಾರೆ. ಸಂತೆಗೆ ಬಂದಾಗ ನನ್ನ ಅಂಗಡಿಗೆ ಬಂದೇ ಹೋಗ್ತಾರೆ. ಒಂದು ಸಲ "ಅರೆ ಭಾಯ್, ಪಿನ್ ಹಾಕಿದ್ರೆ ಹೊರಗೆ ಬರ್ತದೆ, ನೋಡು" ಅಂದರು.

ಸೂಜಿ ಹಾಕಿ ಮೀಟಿದೆ. ರೇಷ್ಮೆ ನಾರು ಬಂತು. ಎಳೆದೆ, ಇನ್ನೂ ಬಂತು. ಇಷ್ಟುದ್ದ ಎಳೆ ಮೇಜಿನ ಮೇಲೆ ಬಿತ್ತು. ರೇಷ್ಮೆ ಊರಲ್ಲಿ ಇದೇನು ಹೊಸದಲ್ಲ ಅಂತ ನಾನು ಕಸದ ಬುಟ್ಟಿಗೆ ಹಾಕೋಕೆ ಹೋದರೆ ಸಾಹೇಬರು "ಠಹರೋ!" ಅಂತ ಕೂಗಿದರು.

ಎಳೆ ಎತ್ತಿಕೊಂಡು ಎರಡು ಬೆರಳ ಮಧ್ಯೆ ಹೊಸೆದು, ಬೆಳಕಿಗೆ ಹಿಡಿದು ನೋಡಿದರು. ಮುಖ ಕೆಂಪಾಯಿತು.

"ನಾವು ತೆಗೆಯೋದು ಹಳದಿ ಗೂಡು. ಇದು ಬಿಳಿ. ಬಿಳಿ ಗೂಡು ಯಾರು ತೆಗೀತಾರೆ ಗೊತ್ತಾ? ನನ್ನ ಭಾಮೈದ! ನಾನು ಮಲಗಿದ್ದಾಗ ನನ್ನ ಫೋನ್ ತಗೊಂಡು ಹೋಗಿ ಆಟ ಆಡ್ತಾನೆ. ಕೇಳಿದ್ರೆ ಮುಟ್ಟೇ ಇಲ್ಲ ಅಂತಾನೆ!"

ಆ ಎಳೆಯನ್ನ ಕಾಗದದಲ್ಲಿ ಜೋಪಾನವಾಗಿ ಸುತ್ತಿ ಜೇಬಿಗೆ ಹಾಕಿಕೊಂಡು ಬಸ್ಸಿಗೆ ಓಡಿದರು. ಫೋನ್ ಮಾತ್ರ ನನ್ನ ಮೇಜಿನ ಮೇಲೇ ಉಳೀತು.

ಹಿಟ್ಟಿನ ಡಬ್ಬ

ನೀರಿಗೆ ಬಿದ್ದ ಫೋನನ್ನ ಅಕ್ಕಿ ಡಬ್ಬದಲ್ಲಿಟ್ಟರೆ ಸರಿಹೋಗುತ್ತೆ ಅಂತ ಅಂಗಡಿಗೆ ಬಂದ ಒಬ್ಬ ವಯಸ್ಸಾದ ಅಮ್ಮನಿಗೆ ಯಾರೋ ಹೇಳಿದ್ದರಂತೆ. "ನಮ್ಮನೇಲಿ ಅಕ್ಕಿ ಮುಗ್ದಿತ್ತಪ್ಪ. ಅದಕ್ಕೇ ರಾಗಿ ಹಿಟ್ಟಲ್ಲಿ ಹೂತಿಟ್ಟೆ. ಬೆಳಿಗ್ಗೆ ತೆಗೆದು ಚಾರ್ಜ್‌ಗೆ ಹಾಕಿದ್ರೆ ಬಿಸಿ ಆಗುತ್ತೆ, ಚಾರ್ಜ್ ಆಗಲ್ಲ."

ಒಳಗೆ ಒದ್ದೆ, ಅದರ ಮೇಲೆ ಹಿಟ್ಟು, ಕೆಳಗಿಂದ ಬಿಸಿ. ಇನ್ನೇನಾಗುತ್ತೆ? "ಅಮ್ಮಾ, ಒಳಗಡೆ ಮುದ್ದೆ ಆಗೋಗಿದೆ" ಅಂದೆ.

ಅವರು ಕನ್ನಡಕ ಏರಿಸಿ, ಬಗ್ಗಿ ನೋಡಿ ಕೇಳಿದರು: "ಗಂಟಿಲ್ದೆ ಬಂದಿದ್ಯಾ?"

ಹೆಣ್ಣು ನೋಡಕ್ಕೆ ಹೋಗಿದ್ದು

ಇದು ನನ್ನ ಮದುವೆ ವಿಷಯ, ನಗೋದಾದ್ರೆ ಕೊನೇಲಿ ನಗಿ. ಜಮೀನಿಲ್ಲ, ಸರ್ಕಾರಿ ಕೆಲಸ ಇಲ್ಲ ಅಂತ ಹೋದ ಕಡೆಯೆಲ್ಲ ಕಾಫಿ ಕೊಟ್ಟು, "ತಿಳಿಸ್ತೀವಿ" ಅಂದು ಸುಮ್ಮನಾಗಿದ್ದರು. ಕೊನೆಗೆ ಅಮ್ಮ ಕೆಂಚಾರ್ಲಹಳ್ಳಿ ಹತ್ತಿರದ ಒಂದು ರೇಷ್ಮೆ ಬೆಳೆಯೋ ಮನೆಗೆ ಕರ್ಕೊಂಡು ಹೋದಳು. ಹುಡುಗಿ ಫೋಟೋ ನೋಡಿದಾಗಲೇ ಇದು ಕೈತಪ್ಪಬಾರದು ದೇವರೇ ಅಂತ ನಾನು ಬೇಡಿಕೊಂಡಿದ್ದೆ.

ಹುಳು ಹಣ್ಣಾಗಿ ಗೂಡು ಕಟ್ಟೋ ಸಮಯ ಅಂತ ನಮ್ಮನ್ನ ಜಗಲಿ ಮೇಲೇ ಕೂರಿಸಿದರು. ಪಕ್ಕದಲ್ಲೇ ಹುಳು ಮನೆ. ರೋಗ ತಗುಲುತ್ತೆ ಅಂತ ಹೊರಗಿನವರು ಯಾರೂ ಆ ಬಾಗಿಲು ದಾಟೋ ಹಾಗಿಲ್ಲ. ಮನೆಯವರೇ ಹೋದರೂ ಬಾಗಿಲಲ್ಲಿಟ್ಟಿರೋ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಕೈಕಾಲು ಅದ್ದಿ ಹೋಗಬೇಕು.

ಹುಡುಗಿ ಕಾಫಿ ಕೊಟ್ಟು ಬಾಗಿಲ ಪಕ್ಕ ನಿಂತಳು. ಅವರಪ್ಪ ಒಂದು ಫೋನ್ ತಂದು ನನ್ನ ಕೈಗಿಟ್ಟರು. "ಚಾರ್ಜ್ ಆಗ್ತಿಲ್ಲಪ್ಪ. ನಿನ್ನ ಕೆಲಸ ಹೆಂಗೆ ಅಂತ ನಾವೂ ನೋಡಣ."

ಅಮ್ಮ ನನ್ನ ಮುಖ ನೋಡಿದಳು. ಒಳಗೊಳಗೇ ನನಗೆ ಖುಷಿ, ಇದು ನನ್ನ ದಿನಾ ಕೆಲಸ ಅಲ್ವಾ? ಟಾರ್ಚ್ ಹಾಕಿದೆ. ಒಳಗೆಲ್ಲ ಹಸಿರು ಕಿಲುಬು, ಬಿಳಿ ಪುಡಿ. ಮೂಸಿದರೆ ಬ್ಲೀಚಿಂಗ್ ವಾಸನೆ.

"ಇದನ್ನ ಹುಳು ಮನೆಗೆ ತಗೊಂಡು ಹೋಗ್ತೀರಾ?"

"ಹೂಂ, ಎಲೆ ಹಾಕೋವಾಗ ಹಾಡು ಕೇಳಕ್ಕೆ."

"ಹೋಗೋ ಮುಂಚೆ?"

"ಹೋಗೋ ಮುಂಚೆ ಏನು? ಅದ್ದಿ ತಗೊಂಡು ಹೋಗ್ತೀವಿ. ನಿಯಮ ಅಂದ್ರೆ ಎಲ್ಲಕ್ಕೂ ನಿಯಮಾನೇ."

"ಯಾರು ಅದ್ದೋದು?"

ಬಾಗಿಲ ಪಕ್ಕದಿಂದ ಸಣ್ಣ ದನಿ ಬಂತು. "ನಾನೇ."

ನಿಜ ಹೇಳಿದರೆ ಹುಡುಗಿ ಮೇಲೆ ತಪ್ಪು ಹೊರಿಸಿದ ಹಾಗೆ, ಮದುವೆ ಮುಗೀತು. ಸುಳ್ಳು ಹೇಳಿದರೆ ನಾಳೆ ಇನ್ನೊಂದು ಫೋನೂ ಬಕೆಟ್ಟಿಗೆ ಬೀಳುತ್ತೆ. ಅಮ್ಮ ತೊಡೆ ಚಿವುಟುತ್ತಾ "ಕಂಪನಿ ಸರಿಯಿಲ್ಲ ಅನ್ನೋ" ಅಂತ ಪಿಸುಗುಟ್ಟಿದಳು.

ಧೈರ್ಯ ಮಾಡಿ ಕೇಳಿದೆ. "ಈ ಸಲ ಹುಳುಗೆ ರೋಗ ಗೀಗ ಏನಾದ್ರೂ ಬಂತಾ ಯಜಮಾನ್ರೆ?"

"ಊರಿಗೆಲ್ಲ ಬಂತು. ನಮ್ಮನೇಗೆ ಬರ್ಲಿಲ್ಲ" ಅಂತ ಅವರು ಎದೆಯುಬ್ಬಿಸಿದರು.

"ಹಾಗಾದ್ರೆ ಅದ್ದಿದವರು ಸರಿಯಾಗೇ ಮಾಡಿದಾರೆ. ಫೋನ್ ಸತ್ತೋಗಿದೆ, ಆದ್ರೆ ಹುಳು ಉಳ್ಕೊಂಡ್ವು. ಇನ್ಮೇಲೆ ಫೋನ್ ಹೊರಗಿಟ್ಟು ಹಾಡು ಜೋರಾಗಿ ಹಾಕ್ಕೊಳ್ಳಿ."

ಅವರಪ್ಪ ಮಗಳ ಮುಖ ನೋಡಿದರು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಪ್ಪ, ಇವರಿಗೆ ಹುಳು ಮನೆ ತೋರಿಸ್ಲಾ?"

ಹೊರಗಿನವರಿಗೆ ದಾಟೋಕೆ ಬಿಡದ ಬಾಗಿಲು! ಕೇಳಿದ್ದು ನಿಜಾನಾ ಅಂತ ನಾನು ಅಮ್ಮನ ಕಡೆ ನೋಡಿದೆ. ಅಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಅವರಪ್ಪ ಮಗಳ ಕಡೆ ತಿರುಗಿ "ಬಕೆಟ್ಟಿಗೆ ಹೊಸ ನೀರು ಕಲಸಮ್ಮ" ಅಂದರು.

ಸಂತೋಷದಲ್ಲಿ ನನಗೆ ಕಾಲು ನೆಲದ ಮೇಲೇ ನಿಲ್ಲಲಿಲ್ಲ. ಎದ್ದು, ಪ್ಯಾಂಟ್ ಮಡಚಿಕೊಂಡು, ಬಕೆಟ್ಟಿನ ಕಡೆ ಹೆಜ್ಜೆ ಹಾಕಿದೆ. ಹಿಂದಿನಿಂದ ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಕೂಗಿದಳು:

"ಲೋ, ಜೇಬಲ್ಲಿರೋ ಫೋನ್ ನನ್ನ ಕೈಗೆ ಕೊಟ್ಟು ಹೋಗೋ!"